ಒರೆಸಿದರೆ ಹೋಗುವ ನೀಲಿ

ಹಸಿರು ಗಿಡಕ್ಕೆ ನೀಲಿ ಬಣ್ಣ ಹೊಡೆದು ಮಾರುವುದೂ ಒಂದು ಕಸುಬು ಎಂದರೆ ಕೇಳಿದವರು ನಕ್ಕಾರು. ನಗಲಿ. ನರ್ಸರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಕ್ಕ ಹನ್ನೊಂದು ವರ್ಷದಿಂದ ಮಾಡುತ್ತಿದ್ದದ್ದು ಅದನ್ನೇ. ದಪ್ಪ ಎಲೆಗಳಲ್ಲಿ ನೀರು ತುಂಬಿಕೊಂಡು ಹೂವಿನ ಹಾಗೆ ಸುತ್ತುಸುತ್ತಾಗಿ ಬೆಳೆಯುವ ಸಕ್ಯುಲೆಂಟ್ ಗಿಡಗಳು, ಅಂಗೈಯಗಲದ ಕುಂಡಗಳಲ್ಲಿ ಅವಳ ಮೇಜಿಗೆ ಬರುತ್ತಿದ್ದವು. ಸ್ಪ್ರೇ ಗನ್ನಿನಿಂದ ಒಂದು ತೆಳು ಕೋಟ್, ಒಣಗಿದ ಮೇಲೆ ಇನ್ನೊಂದು. ಕೊಂಡವರು ಅದು ಹುಟ್ಟಿದ್ದೇ ಹಾಗೆ ಅಂದುಕೊಂಡು ಟಿವಿ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಎಲೆಗೆ ಬೆಳಕು ತಾಗದೆ ಗಿಡ ಒಳಗೊಳಗೇ ಸೊರಗುತ್ತಿತ್ತು. ಬಣ್ಣ ಮಾತ್ರ ಮಾಸುತ್ತಿರಲಿಲ್ಲ, ಹಾಗಾಗಿ ಗಿಡ ಸತ್ತು ತಿಂಗಳಾದರೂ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ.

ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕನೇ. ಕಣ್ಣೆದುರಿಗೇ ಇರಲಿ ಎಂದು ಮೇಸ್ತ್ರಿಯ ಕೈಕಾಲು ಹಿಡಿದು ಪಕ್ಕದ ಮೇಜಿನ ಕೆಲಸ ಕೊಡಿಸಿದ್ದೂ ಅವಳೇ. ತಂಗಿಗೆ ಕೈ ಕುದುರಿತು, ಮನಸ್ಸು ಕುದುರಲಿಲ್ಲ. ಬಣ್ಣ ಒಣಗದೆ ಇಳಿದು ಕೆಟ್ಟುಹೋದ ಒಂದು ಗಿಡವನ್ನು ಕಸದ ಬುಟ್ಟಿಯಿಂದ ಎತ್ತಿಕೊಂಡು ಮನೆಗೆ ತಂದಳು. ಸಂಜೆ ಅಡುಗೆಮನೆಯ ಕಿಟಕಿ ಪಕ್ಕ ಕೂತು, ಒದ್ದೆ ಹತ್ತಿಯಿಂದ ಒಂದೊಂದೇ ಎಲೆ ಒರೆಸತೊಡಗಿದಳು.

"ಬೆಳಗ್ಗೆಯೆಲ್ಲಾ ಹಚ್ಚೋದು, ಸಂಜೆ ಒರೆಸೋದು. ತಲೆ ನೆಟ್ಟಗಿದ್ಯೇನೇ ಪುಟ್ಟಿ?"

"ಒಂದಾದ್ರೂ ಉಸಿರಾಡ್ಲಿ ಬಿಡಕ್ಕ."

ನರ್ಸರಿಯ ಜಿಗುಟು ಮಣ್ಣನ್ನು ಕೊಡವಿ, ದಪ್ಪ ಮರಳಿಗೆ ಇಟ್ಟಿಗೆ ಚೂರು ಬೆರೆಸಿ ಗಿಡವನ್ನು ಮತ್ತೆ ನೆಟ್ಟಳು. ಬೆರಳು ಚುಚ್ಚಿ ನೋಡಿ, ಮಣ್ಣು ತಳದವರೆಗೂ ಒಣಗಿದ್ದರೆ ಮಾತ್ರ ನೀರು. ಒಂದು ದಿನ ಅಕ್ಕ ಪಾಪ ಎಂದು ಒಂದು ಲೋಟ ಸುರಿದಿದ್ದಕ್ಕೆ ಮನೆಯಲ್ಲಿ ರಾದ್ಧಾಂತವೇ ಆಯಿತು.

"ನೀರು ಜಾಸ್ತಿಯಾದ್ರೆ ಬುಡ ಕೊಳೆಯತ್ತೆ. ಮೇಲೆ ಚೆನ್ನಾಗೇ ಕಾಣತ್ತೆ. ನಿನಗೆ ಮೇಲೆ ಕಂಡಿದ್ದಷ್ಟೇ ಕಾಣೋದು," ಎಂದು ತಂಗಿ ಮೂತಿ ಊದಿಸಿಕೊಂಡಳು. ಅಕ್ಕ ನಕ್ಕುಬಿಟ್ಟಳು.

ಶೆಡ್ಡಿನವರ ಮೈಮೇಲೆ ನೀಲಿ ಇರುವುದು ಹೊಸದಲ್ಲ. ಉಗುರಿನ ಸಂದಿ, ಮೊಣಕೈ, ಕಿವಿಯ ಹಿಂದೆ, ಎಲ್ಲೆಂದರಲ್ಲಿ. ಹಾಗಾಗಿ ತಂಗಿಯ ತೋಳಿನ ಮೇಲೆ ನಾಲ್ಕಾಣೆಯಷ್ಟಗಲದ ನೀಲಿ ಕಂಡಾಗ ಅಕ್ಕ ಎರಡನೇ ಸಲ ನೋಡಲಿಲ್ಲ. ಬಟ್ಟೆ ತುಂಡಿಗೆ, ಬಣ್ಣ ತೆಳುಮಾಡಲು ಬೆರೆಸುವ ತಿನ್ನರ್ ಸುರಿದುಕೊಂಡು ಉಜ್ಜಿದಳು. ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದಳು.

"ಅಕ್ಕ, ನೋಯತ್ತೆ."

"ನೋಯದೆ ಏನು? ಚರ್ಮಕ್ಕೇ ಹಿಡ್ಕೊಂಡಿದೆ. ಗ್ಲೌಸ್ ಹಾಕ್ಕೋ ಅಂದ್ರೆ ಕೇಳ್ತೀಯಾ?"

ವಾರ ಕಳೆದ ಮೇಲೆ ತೊಡೆಯ ಮೇಲೂ ಎರಡು ಕಂಡವು. ಬಟ್ಟೆಯೊಳಗೆ ಬಣ್ಣ ಹೇಗೆ ಹೋಯಿತು ಎಂದು ಅವಳಿಗೆ ಹೊಳೆಯಲಿಲ್ಲವೇ? ಹೊಳೆಯಿತು. ಬೆವರಿಗೆ ಇಳಿದಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಮೆಟ್ಟಿಲು ಹತ್ತಿದರೆ ತಂಗಿಗೆ ಏದುಸಿರು ಬರುತ್ತಿತ್ತು. ತುಟಿ ಬಿಳುಚಿತ್ತು. ಹಲ್ಲುಜ್ಜಿದರೆ ರಕ್ತ. ಅದಕ್ಕೆಲ್ಲ ಅಕ್ಕನ ಬಳಿ ಒಂದೊಂದು ಕಾರಣ ಸಿದ್ಧವಾಗಿತ್ತು: ಸರಿಯಾಗಿ ಉಣ್ಣುವುದಿಲ್ಲ, ನಿದ್ದೆಗೆಡುತ್ತಾಳೆ, ಬ್ರಷ್ಷು ಒರಟು.

ಅಷ್ಟರಲ್ಲಿ ವರ್ಷಕ್ಕೊಂದು ಸಲದ ಆರೋಗ್ಯ ತಪಾಸಣೆ ಬಂತು. ಆ ದಿನ ಮೈಮೇಲೆ ಬಣ್ಣ ಕಂಡರೆ ಗ್ಲೌಸ್ ಹಾಕುವುದಿಲ್ಲ ಎಂದು ಬರೆದುಕೊಂಡು, ಮೇಜು ಬಿಡಿಸಿ ದೂರದ ಗೊಬ್ಬರದ ಗುಂಡಿಯ ಕೆಲಸಕ್ಕೆ ಹಾಕುತ್ತಿದ್ದರು. ತಂಗಿಯನ್ನು ಅಲ್ಲಿಗೆ ಹಾಕಿದರೆ ನೋಡಿಕೊಳ್ಳುವವರು ಯಾರು ಎಂದು ಅಕ್ಕನ ಜೀವ ಹೊಡೆದುಕೊಂಡಿತು. ಹಿಂದಿನ ದಿನ ಮತ್ತೆ ತಿನ್ನರ್ ಹಾಕಿ ಉಜ್ಜಿದಳು. ಬೆಳಗ್ಗೆ ತುಂಬುತೋಳಿನ ಅಂಗಿ ತೊಡಿಸಿದಳು. ತುಟಿಗೂ ಕೆನ್ನೆಗೂ ತೆಳ್ಳಗೆ ಕೆಂಪು ಹಚ್ಚಿದಳು.

"ಅಕ್ಕ, ಸುಸ್ತು ಅಂತ ಆ ಡಾಕ್ಟ್ರಿಗೆ ಹೇಳ್ಲಾ?"

"ಬಾಯಿ ಬಿಟ್ರೆ ನೋಡು."

ತಂಗಿ ಬಾಯಿ ಬಿಡಲಿಲ್ಲ. ಒಂದು ಗಂಟೆಯಲ್ಲಿ ನಲವತ್ತು ಜನರನ್ನು ನೋಡಬೇಕಿದ್ದ ಆ ವೈದ್ಯರು ಅವಳ ಮುಖ ನೋಡಿ, ಚೆನ್ನಾಗಿದ್ದಾಳೆ ಎಂದು ಬರೆದು ಮುಂದಿನವರನ್ನು ಕರೆದರು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ಮುಂದಿನ ತಿಂಗಳು ತಂಗಿ ಮೇಜಿನ ಬಳಿಯೇ ಕುಸಿದಳು. ಆಸ್ಪತ್ರೆಯಲ್ಲಿ ನರ್ಸ್ ಅಂಗಿಯ ತೋಳು ಮಡಿಸಿದಾಗ ಮೊಣಕೈಯಿಂದ ಭುಜದವರೆಗೆ ನೀಲಿ, ಅದರ ಸುತ್ತ ಉಜ್ಜಿ ಉಜ್ಜಿ ಸುಲಿದುಹೋದ ಚರ್ಮ. ವೈದ್ಯೆ ಬಗ್ಗಿ ನೋಡಿದರು.

"ಈ ಕಲೆ ಯಾವಾಗಿಂದ ಇದೆ?"

"ಮೂರು ತಿಂಗಳಾಯ್ತು. ಬಣ್ಣ ಅಂದ್ಕೊಂಡಿದ್ದೆ ಡಾಕ್ಟ್ರೇ."

"ಚರ್ಮ ಯಾಕೆ ಹೀಗಾಗಿದೆ?"

"ತಿನ್ನರ್ ಹಾಕಿ ಉಜ್ತಿದ್ದೆ."

ವೈದ್ಯೆ ಪೆನ್ನು ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೆಲ್ಲಗೆ ಹೇಳಿದರು: ಮೈ ರಕ್ತ ಮಾಡುವುದನ್ನೇ ನಿಲ್ಲಿಸಿದೆ, ಚರ್ಮದಡಿ ರಕ್ತ ಒಸರಿ ಹೀಗೆ ನೀಲಿಗಟ್ಟುತ್ತದೆ, ಶೆಡ್ಡಿನ ತಿನ್ನರ್ ಆವಿಯಿಂದಲೇ ಇರಬಹುದು. ಮೂರು ತಿಂಗಳ ಹಿಂದೆಯೇ ಕರೆದುಕೊಂಡು ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ. ಅಕ್ಕನಿಗೆ ತನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹತ್ತೊಂಬತ್ತು ದಿನ. ಕೊನೆಕೊನೆಗೆ ತಂಗಿ ಕೇಳುತ್ತಿದ್ದದ್ದು ಒಂದೇ.

"ಗಿಡಕ್ಕೆ ನೀರು ಹಾಕ್ಬಿಟ್ಯಾ?"

"ಇಲ್ಲ ಪುಟ್ಟಿ. ಬೆರಳು ಚುಚ್ಚಿ ನೋಡ್ದೆ. ಇನ್ನೂ ಹಸಿಯಿದೆ."

"ಈಗ ಕಲ್ತೆ ನೋಡು," ಎಂದು ತಂಗಿ ಕಣ್ಣು ಮುಚ್ಚಿಕೊಂಡಳು. ಅದರ ಮರುದಿನ ಅವಳು ಹೋದಳು.

ಗಿಡ ಉಳಿಯಿತು. ಬಣ್ಣ ಬಿಡದ ಕೆಳಗಿನ ಎಲೆಗಳು ಸುಕ್ಕಾಗಿ ಉದುರಿದವು. ನಡುವೆ ಅಂಗಿ ಗುಂಡಿಯಷ್ಟು ಹಸಿರು ಎದ್ದಿತು. ಅದನ್ನು ನೋಡಿದರೆ ಅಕ್ಕನಿಗೆ ಕೋಪ ಬರುತ್ತಿತ್ತು, ಎತ್ತಿ ಬೀದಿಗೆಸೆಯಬೇಕು ಎನಿಸುತ್ತಿತ್ತು. ಎಸೆಯಲಿಲ್ಲ. ದಿನಾ ಬೆರಳು ಚುಚ್ಚಿ ನೋಡಿ ಸುಮ್ಮನಾಗುತ್ತಿದ್ದಳು.

ಬೇರೆ ಕೆಲಸ ಬರುತ್ತಿರಲಿಲ್ಲ, ಮತ್ತೆ ಶೆಡ್ಡಿಗೇ ಹೋದಳು. ತಂಗಿಯ ಮೇಜಿಗೆ ಆಗಲೇ ಒಬ್ಬ ಹೆಂಗಸು ಬಂದಿದ್ದಳು, ಇಬ್ಬರು ಮಕ್ಕಳ ತಾಯಿ, ಬಾಯಿಬಡುಕಿ. ಮೂರನೇ ದಿನ ಅವಳು ಬುತ್ತಿ ಬಿಚ್ಚುವಾಗ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಹತ್ತಿರ ನೀಲಿ.

ಅಕ್ಕ ಎದ್ದು ಹೋಗಿ ಆ ಕೈ ಹಿಡಿದುಕೊಂಡಳು. ಹೆಬ್ಬೆರಳನ್ನು ಎಂಜಲಿನಲ್ಲಿ ಅದ್ದಿ ಉಜ್ಜಿದಳು. ಹೆಂಗಸು ಕಕ್ಕಾಬಿಕ್ಕಿಯಾದಳು.

"ಏನಕ್ಕ? ಬಣ್ಣ ಅದು. ತೊಳ್ಕೊಂಡ್ರೆ ಹೋಗತ್ತೆ."

ಇನ್ನೂ ಪೂರ್ತಿ ಒಣಗದ ನೀಲಿ ಕರಗಿ ಹೆಬ್ಬೆರಳಿಗೆ ಹತ್ತಿತು. ಕೆಳಗೆ ಮಾಮೂಲಿ ಚರ್ಮ ಕಂಡಿತು. ಅಕ್ಕನ ಕಣ್ಣಿಂದ ದಳದಳ ನೀರು ಇಳಿಯಿತು, ಕೈ ಮಾತ್ರ ಬಿಡಲಿಲ್ಲ.

"ಆ ಇನ್ನೊಂದು ಕೈನೂ ಕೊಡು," ಎಂದಳು.