ಮೆಟ್ಟಿಲಿಲ್ಲದ ಮನೆ

ಅಂಗಡಿ ಮುಚ್ಚುತ್ತೇನೆ ಎಂದು ಸಾವ್ಕಾರ ಶಂಭುಲಿಂಗಪ್ಪ ಹೇಳಿದಾಗ ಸಮತಾಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಹುಬ್ಬಳ್ಳಿಯ ಆ ಕನ್ನಡಕದ ಅಂಗಡಿಯಲ್ಲಿ ಅವಳು ಇಪ್ಪತ್ತೊಂದು ವರ್ಷ ದುಡಿದಿದ್ದಳು. ಎದುರಿಗೆ ದೊಡ್ಡ ಷೋರೂಮು ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ರಸ್ತೆ ದಾಟಿದ್ದನ್ನು ಕೌಂಟರಿನ ಹಿಂದೆ ನಿಂತು ನೋಡಿದ್ದಳು.

"ನಿನಗ ಕೊಡಾಕ ಬ್ಯಾರೆ ಏನೂ ಇಲ್ಲವಾ" ಎಂದರು ಸಾವ್ಕಾರರು. "ಲೆನ್ಸ್ ಕೊರಿಯೋ ಮಷೀನು ನೀನ ತಗೊಂಡ ಹೋಗು. ಅದರ ಮ್ಯಾಲೆ ನನಗಿಂತ ನಿನ್ನ ಕೈನ ಜಾಸ್ತಿ ಆಡೇತಿ. ಯಾವುದರ ತಾಲೂಕಿನ ಊರಾಗ ಸಣ್ಣದೊಂದು ಅಂಗಡಿ ಹಾಕ. ಇಲ್ಲಿ ಬಾಡಿಗಿ ನಿನಗ ತಡಿಯೂದಿಲ್ಲ."

ಯಾವ ಊರು? ಸಮತಾಗೆ ನಲವತ್ತಮೂರು. ಮದುವೆಯಾಗಿರಲಿಲ್ಲ. ಅವ್ವ ಮಂಜವ್ವ ಹೋಳಿಹುಣ್ಣಿಮೆಯ ಮುಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಪ್ಪ ಅದಕ್ಕೂ ಬಹಳ ಹಿಂದೆಯೇ ಹೋಗಿದ್ದ. ಇಂಥ ಊರಿಗೇ ಹೋಗಬೇಕು, ಇಂಥದಕ್ಕೆ ಹೋಗಬಾರದು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

ಹಾವೇರಿ ಕಡೆಯ ನಾಲ್ಕು ತಾಲೂಕಿನ ಊರುಗಳನ್ನು ಆರಿಸಿಕೊಂಡಳು. ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರು. ದೀಪಾವಳಿ ಮುಗಿದ ವಾರ ಒಂದು ನೋಟುಬುಕ್ಕು ಹಿಡಿದು ಹೊರಟಳು. ಯಾವ ಊರಿಗೆ ಹೋದರೂ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತು, ಎದುರಿಗೆ ಹಾಯ್ದುಹೋಗುವ ಮಂದಿಯಲ್ಲಿ ಚಸ್ಮಾ ಹಾಕಿದವರೆಷ್ಟು ಎಂದು ಎಣಿಸುವುದು. ಆಮೇಲೆ ಚಸ್ಮಾದ ಅಂಗಡಿಗಳು, ಕಣ್ಣಿನ ಡಾಕ್ಟರು ಬರುವ ವಾರ, ನೀರು ಎಷ್ಟು ದಿನಕ್ಕೊಮ್ಮೆ, ಬಾಡಿಗೆ ಎಷ್ಟು, ಅಡ್ವಾನ್ಸು ಎಷ್ಟು. ಎಲ್ಲವನ್ನೂ ಬರೆದುಕೊಳ್ಳುವುದು. ಇಪ್ಪತ್ತೊಂದು ವರ್ಷ ಪವರು, ಅಳತೆ ಬರೆದ ಕೈ ಅದು. ಅಂದಾಜಿನ ಮೇಲೆ ನಡೆಯುವುದು ಅವಳಿಗೆ ಗೊತ್ತಿರಲಿಲ್ಲ.

ಶಿಗ್ಗಾಂವಿಯಲ್ಲಿ ರವಿಕುಮಾರ ಎಂಬ ದಲ್ಲಾಳಿ ಸಿಕ್ಕ. ಬೈಕಿನ ಮೇಲೆ ಕೂರಿಸಿಕೊಂಡು ಐದು ಮನೆ, ಮೂರು ಮಳಿಗೆ ತೋರಿಸಿದ. ಹೈವೇ ಹತ್ತಿರದವೆಲ್ಲ ಹುಬ್ಬಳ್ಳಿಯ ಬಾಡಿಗೆಗೆ ಸಮ.

"ಊರು ಬೆಳ್ಯಾಕತ್ತೇತ್ರಿ ಅಕ್ಕಾರ. ಇವತ್ತ ಹಿಡದ್ರ ನಾಳೆ ನೀವ ನನಗ ಥ್ಯಾಂಕ್ಸ್ ಹೇಳ್ತೀರಿ."

"ನಿಮ್ಮ ಮನ್ಯಾಗ ಯಾರರ ಚಸ್ಮಾ ಹಾಕ್ತಾರೇನ್ರಿ?" ಎಂದು ಕೇಳಿದಳು ಸಮತಾ.

"ನಮ್ಮಪ್ಪ ಹಾಕ್ತಾನ್ರಿ."

"ಎಲ್ಲಿ ಮಾಡಿಸೀರಿ?"

"ಹುಬ್ಬಳ್ಳ್ಯಾಗ್ರಿ. ಬಸ್ ಹತ್ತಿದ್ರ ಒಂದ ತಾಸು" ಎಂದವನೇ ರವಿಕುಮಾರ ತಲೆ ಕೆರೆದುಕೊಂಡು ನಕ್ಕ. ಸಮತಾ ಪುಟದ ಕೆಳಗೆ 'ಹುಬ್ಬಳ್ಳಿ ಬಾಳ ಹತ್ತಿರ' ಎಂದು ಬರೆದಳು. ಅಲ್ಲಿಗೆ ಶಿಗ್ಗಾಂವಿ ಮುಗಿಯಿತು.

ಹಾನಗಲ್ಲಿನಲ್ಲಿ ಮನೆಯನ್ನು ಅವಳೇ ಹುಡುಕಿದಳು. ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡಿತ್ತು. ಮನೆಯ ಯಜಮಾನ ಶಂಕ್ರಪ್ಪನಿಗೆ ಎಂಟೆಕರೆ ಭತ್ತದ ಗದ್ದೆ, ಮಾವಿನ ತೋಟ. ಹೆಂಡತಿ ನಾಗವ್ವ ಒಳಗೆ ಕರೆದು ಚಹಾ ಕೊಟ್ಟಳು. ಪಕ್ಕದ ಎರಡು ಕೋಣೆಯ ಮನೆ ಒಳ್ಳೆಯದಿತ್ತು. ನೆಲದ ಮೇಲೇ ಇತ್ತು, ಒಂದು ಮೆಟ್ಟಿಲೂ ಇರಲಿಲ್ಲ. ಬಾತ್‌ರೂಮು ಒಳಗೇ ಇತ್ತು. ಸರಕಾರಿ ದವಾಖಾನೆ ನಡೆದರೆ ಹತ್ತು ನಿಮಿಷ. ಸಮತಾ ಎಲ್ಲದರ ಮುಂದೂ ಗುರುತು ಹಾಕಿದಳು.

"ನೀವ ಬಂದ್ರ ನನಗೂ ಜೋಡಿ ಆಕ್ಕೇತಿ ನೋಡವಾ" ಎಂದಳು ನಾಗವ್ವ. "ನನ್ನ ಚಸ್ಮಾ ಯಾವಾಗಲೂ ಮೂಗಿನ ಮ್ಯಾಲಿಂದ ಜಾರತೇತಿ."

ಸಮತಾ ಅವಳ ಕನ್ನಡಕ ಇಸಿದುಕೊಂಡು, ಕಿವಿಯ ಹಿಂದಿನ ಕಡ್ಡಿಗಳನ್ನು ಬೆರಳಿಂದ ಒತ್ತಿ ಸರಿಮಾಡಿ ಹಾಕಿದಳು. ನಾಗವ್ವ ತಲೆ ಅಲ್ಲಾಡಿಸಿ ನೋಡಿ ಹಿರಿಹಿರಿ ಹಿಗ್ಗಿದಳು. ಆಗ ಶಂಕ್ರಪ್ಪ ಕೇಳಿದ.

"ನಿಮ್ಮವರು ಯಾವ ಪೈಕಿ ಆತ್ರಿ?"

"ಬೌದ್ಧರ್ರಿ."

"ಅಂದ್ರ?"

ತಮ್ಮವರು ದಲಿತರು, ಬೌದ್ಧಧರ್ಮ ಸೇರಿದವರು ಎಂದು ಸಮತಾ ಬಿಡಿಸಿ ಹೇಳಿದಳು. ಸಣ್ಣ ದನಿಯಲ್ಲಿ ಹೇಳಲಿಲ್ಲ. ಅವ್ವ ಕಲಿಸಿದ್ದೇ ಹಾಗೆ. ಶಂಕ್ರಪ್ಪ ಅಂಗಳದ ಕಡೆ ಮುಖ ತಿರುಗಿಸಿದ.

"ಏನಾಗೇತಿ ಅಂದ್ರ, ಮನಿ ನಮ್ಮ ತಮ್ಮನ ಪಾಲಿಂದ್ರಿ. ಅಂವಾ ತಡಸಕ್ಕ ಹೋಗ್ಯಾನ. ಬಂದ ಮ್ಯಾಲೆ ಕೇಳಿ ಫೋನ್ ಮಾಡ್ತೇನಿ."

ಅವಳ ನಂಬರನ್ನು ಅವನು ಬರೆದುಕೊಳ್ಳಲಿಲ್ಲ. ನಾಗವ್ವ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಸಮತಾ ರಸ್ತೆಗೆ ಬಂದು ನೋಟುಬುಕ್ಕು ತೆಗೆದಳು. ಊರಿನಲ್ಲಿ ಗಿರಾಕಿಗಳಿದ್ದರು, ಮಳಿಗೆ ಅಗ್ಗವಿತ್ತು, ಕೆರೆಯಲ್ಲಿ ನೀರಿತ್ತು. ಶಂಕ್ರಪ್ಪ ಕೇಳಿದ್ದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ತಿಳಿಯದೆ ಹಾಗೆಯೇ ಮುಚ್ಚಿದಳು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಬಸ್ಸು ತಡವಾಯಿತೆಂದು ಫೋನು ಮಾಡಿ ಹೇಳಬೇಕಾದವರು ಯಾರೂ ಇರಲಿಲ್ಲ.

ಸವಣೂರಿನಲ್ಲಿ ಎಲೆ ಅಂಗಡಿಯ ಮಲ್ಲಿಕಸಾಬ ತನ್ನ ಮಗಳ ಮನೆ ತೋರಿಸಿದ. ಮಗಳು ಕೌಸರ ಶಾಲೆಯ ಟೀಚರು, ಸಮತಾಳಷ್ಟೇ ವಯಸ್ಸು. ಬಾಡಿಗೆಗೆ ಇದ್ದದ್ದು ಮೇಲಿನ ಮಾಳಿಗೆ. ಹದಿನೆಂಟು ಮೆಟ್ಟಿಲು. ಮೇಲೆ ಹೋದರೆ ಗಾಳಿ, ಬೆಳಕು, ದೊಡ್ಡ ಕಿಟಕಿ, ಬೇವಿನ ಮರ. ಹೆಸರು, ಪೈಕಿ ಎಲ್ಲ ಗೊತ್ತಾದ ಮೇಲೂ ಕೌಸರಳ ಮುಖ ಬದಲಾಗಲಿಲ್ಲ. ಬಾಡಿಗೆಯೂ ಕೈಗೆಟುಕುವಂತಿತ್ತು.

"ಮನಿ ಛಲೋ ಐತ್ರಿ" ಎಂದಳು ಸಮತಾ. "ಆದ್ರ ಮೆಟ್ಟಲ ಬಾಳ ಆದುವ್ರಿ. ಏರಾಕ ಆಗೂದಿಲ್ಲ."

"ಯಾಕ್ರಿ ಅಕ್ಕಾರ, ಮೊಣಕಾಲ ಬ್ಯಾನಿ ಐತೇನ್ರಿ ನಿಮಗ? ಈಗ ಓಡಿಕೋಂತ ಏರಿದ್ರಲ್ಲ!"

"ನನಗಲ್ರಿ. ನಮ್ಮವ್ವಗ."

"ಹೌದಾ? ಅವರನ್ನೂ ಕರ್ಕೊಂಡ ಬರಬೇಕಿತ್ರಿ. ಅವರೂ ಒಮ್ಮೆ ನೋಡ್ತಿದ್ರು."

ಸಮತಾ ಕಿಟಕಿಯ ಸರಳು ಹಿಡಿದುಕೊಂಡಳು.

"ಈ ಸಲ ಬರಾಕ ಆಗಲಿಲ್ರಿ ಅವರಿಗೆ" ಎಂದುಬಿಟ್ಟಳು.

ಬಸ್ಸಿನಲ್ಲಿ ಕೂತು ನೋಟುಬುಕ್ಕನ್ನು ಮೊದಲಿನಿಂದ ಓದಿದಳು. ಮೆಟ್ಟಿಲು ಇಲ್ಲ. ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ದವಾಖಾನೆ ಎಷ್ಟು ದೂರ. ರಾತ್ರಿ ಆಟೋ ಸಿಗುತ್ತದೆಯೋ ಇಲ್ಲವೋ. ಬಾತ್‌ರೂಮಿನ ನೆಲ ಜಾರುತ್ತದೆ. ಮುಂಜಾನೆ ಬಿಸಿಲು ಬೀಳುವ ಕಟ್ಟೆ ಇದೆ. ಮೂರು ಊರು ಅಲೆದು ಅವಳು ಹುಡುಕಿದ್ದೆಲ್ಲ ಮಂಜವ್ವನಿಗೆ ಮನೆ. ಹನ್ನೊಂದು ವರ್ಷ ಹಾಸಿಗೆಗೂ ಕಟ್ಟೆಗೂ ನಡುವೆ ಮಗಳ ತೋಳು ಹಿಡಿದು ನಡೆದ ಅವ್ವನಿಗೆ. ಪಕ್ಕದ ಸೀಟಿನವರು ನೋಡುತ್ತಾರೆಂದು ಸಮತಾ ಮುಖವನ್ನು ಕಿಟಕಿಗೆ ತಿರುಗಿಸಿದಳು. ಬಂಕಾಪುರ ಬಂದು ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಹಿರೇಕೆರೂರಿಗೆ ಹೋಗುವುದೇ ಬೇಡ ಅನ್ನಿಸಿತ್ತು. ಆದರೂ ಶುಕ್ರವಾರ ಹೋದಳು. ಬಸ್‌ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಕೂತು ಹೊಸ ಪುಟ ತೆಗೆದಳು. ತನಗೆ ಏನು ಬೇಕು ಎಂದು ಬರೆಯಬೇಕಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಗೋವಿನಜೋಳದ ಲಾರಿಗಳು ಹೋದವು. ಕಾಲೇಜಿನ ಹುಡುಗಿಯರು ಕಬ್ಬಿನ ಹಾಲು ಕುಡಿದು ನಗುತ್ತ ಹೋದರು. ಮೆತ್ತನ್ನ ಅನ್ನ ಬೇಕೋ ಬಿಡಿಬಿಡಿ ಬೇಕೋ, ಫ್ಯಾನು ಬೇಕೋ ಬೇಡವೋ, ಅಷ್ಟನ್ನೂ ಅವಳು ತನಗಾಗಿ ಎಂದೂ ಕೇಳಿಕೊಂಡಿರಲಿಲ್ಲ. ಪುಟ ಬೆಳ್ಳಗೇ ಉಳಿಯಿತು.

ಅಷ್ಟರಲ್ಲಿ ಫೋನು ಬಂತು. ಸವಣೂರಿನ ಕೌಸರ.

"ಅಕ್ಕಾರ, ಇನ್ನೊಬ್ಬರು ಮನಿ ಕೇಳಾಕತ್ತಾರ್ರಿ. ನೀವ ಮೊದಲ ನೋಡೀರಿ ಅಂತ ಹೇಳಿ ನಿಮಗ ಕೇಳಾಕತ್ತೇನಿ. ಮೆಟ್ಟಲಿಗೆ ಕಂಬಿ ಕೂಡಸ್ತೇನಂತ ನಮ್ಮ ಅಬ್ಬಾ ಅಂದಾರ. ನಿಮ್ಮವ್ವಾರನ್ನ ಕೇಳಿದ್ರೇನ್ರಿ?"

ಸಮತಾ ಎದ್ದು ಗದ್ದಲದಿಂದ ಆಚೆ ಹೋದಳು.

"ಕೌಸರ ಅವರ, ನಮ್ಮವ್ವ ಇಲ್ರಿ. ತೀರಿಕೊಂಡು ಎಂಟ ತಿಂಗಳಾತು. ಅವತ್ತ ನಾ ಹಂಗ್ಯಾಕ ಅಂದೆನೋ ನನಗೂ ಗೊತ್ತಿಲ್ಲ."

"ನಮ್ಮ ಅಮ್ಮಾ ಹೋದ ಮ್ಯಾಲೆ ನಾನೂ ಎರಡ ವರ್ಷ ಅವಳ ಗುಳಿಗಿ ತರೂದ ಬಿಟ್ಟಿರಲಿಲ್ರಿ" ಎಂದಳು ಕೌಸರ. "ಅಂಗಡಿಗೆ ಹೋದ್ರ ಗುಳಿಗಿ ಹೆಸರು ಬಾಯಾಗ ತಾನ ಬರ್ತಿತ್ತು. ಬರ್ರಿ ಅಕ್ಕಾರ. ಮನಿ ನಿಮಗ ಇಡ್ತೇನಿ."

ಸಮತಾ ನಾಳೆ ಹೇಳುತ್ತೇನೆ ಎಂದಳು. ಆ ಮಧ್ಯಾಹ್ನ ಹಿರೇಕೆರೂರಿನ ಬೀದಿಗಳನ್ನು ಸುತ್ತಿದಳು. ಊರಲ್ಲಿ ಕಣ್ಣು ಪರೀಕ್ಷೆ ಮಾಡುವವರಿದ್ದರು, ಗಾಜು ಕೊರೆಯುವವರು ಇರಲಿಲ್ಲ. ಚಸ್ಮಾ ಬೇಕಾದರೆ ಹೊರಗಿನ ಊರಿಗೆ ಕಳಿಸಿ ಎಂಟು ದಿನ ಕಾಯಬೇಕು ಎಂದು ಔಷಧಿ ಅಂಗಡಿಯವನು ಹೇಳಿದ. ಹುಬ್ಬಳ್ಳಿ ದೂರ. ಬಸ್‌ಸ್ಟ್ಯಾಂಡಿನ ಎದುರಿನ ಮಳಿಗೆಗೆ ಹಿಂದೆ ಒಂದೇ ಕೋಣೆ ಅಂಟಿಕೊಂಡಿತ್ತು. ಮಾಲಕಿ ಅನ್ನವ್ವ ಯಾರು, ಏನು ಎಂದು ಕೇಳಲಿಲ್ಲ. ಮೂರು ತಿಂಗಳ ಬಾಡಿಗೆ ಮುಂಗಡ ಬೇಕು ಎಂದಳು, ಅಷ್ಟೇ. ಸವಣೂರಿನಲ್ಲಿ ಮೂವತ್ತು ವರ್ಷದ ಹಳೆಯ ಚಸ್ಮಾದ ಅಂಗಡಿಯೊಂದಿತ್ತು. ಅದನ್ನು ನಡೆಸುವ ಮುದುಕನ ಗಿರಾಕಿಗಳನ್ನು ಕಿತ್ತುಕೊಂಡು ಬದುಕಲು ಸಮತಾಗೆ ಮನಸ್ಸಿರಲಿಲ್ಲ. ಅವಳು ಮಾರನೆಯ ದಿನ ಕೌಸರಳಿಗೆ ಫೋನು ಮಾಡಿ ಹಿರೇಕೆರೂರಿನ ಮಳಿಗೆಯನ್ನೇ ಹಿಡಿಯುವುದಾಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಕೌಸರ, "ನಿಮ್ಮ ಲೆಕ್ಕ ಖರೇ ಐತ್ರಿ" ಎಂದಳು. ಆ ದನಿಯಲ್ಲಿ ಬೇಸರವಿತ್ತು. ಫೋನು ಇಟ್ಟ ಮೇಲೆ ಸಮತಾಗೂ ಅದೇ ಬೇಸರ ಬಹಳ ಹೊತ್ತು ಉಳಿಯಿತು.

ಡಿಸೆಂಬರಿನಲ್ಲಿ ಅಂಗಡಿ ಶುರುವಾಯಿತು. ಮೊದಲ ವಾರ ಸ್ಕ್ರೂ ಬಿಗಿಸಿಕೊಳ್ಳುವವರೇ ಬಂದರು. ಮೂರನೇ ವಾರಕ್ಕೆ ದಿನಕ್ಕೆ ಎರಡು ಮೂರು ಜೋಡಿ ಗಾಜು ಕೊರೆಯುವ ಕೆಲಸ ಸಿಕ್ಕಿತು. ಮಂದಿ ಅವಳನ್ನು 'ಚಸ್ಮಾದಕ್ಕ' ಎನ್ನತೊಡಗಿದರು. ಬಸ್ಸುಗಳ ಸದ್ದಿಗೆ ಮೊದಲೆರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ಆ ಸದ್ದೇ ಬೇಕಾಯಿತು. ಕಷ್ಟವಿದ್ದದ್ದು ರವಿವಾರ. ಅಂಗಡಿ ಮುಚ್ಚಿದರೆ ಒಂದೇ ಕೋಣೆ, ಒಬ್ಬಳಿಗೆ ಎರಡು ರೊಟ್ಟಿ, ಮುಂಜಾನೆ ಒಂಬತ್ತಕ್ಕೆಲ್ಲ ಮುಗಿದುಹೋಗುವ ಕೆಲಸ.

ಅಂಥದೊಂದು ರವಿವಾರ ಮದಗ ಮಾಸೂರ ಕೆರೆ ನೋಡಲು ಹೋದಳು. ಮಳೆ ಚೆನ್ನಾಗಿ ಆಗಿದ್ದರಿಂದ ಕೆರೆ ತುಂಬಿತ್ತು. ಏರಿಯ ಮೇಲೆ ಕುಟುಂಬಗಳು ಬುತ್ತಿ ಬಿಚ್ಚಿಕೊಂಡು ಕೂತಿದ್ದವು. ಅವಳು ಒಂದು ಬಂಡೆಯ ಮೇಲೆ ಒಬ್ಬಳೇ ಕೂತಳು. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಮೊಬೈಲು ಹಿಡಿದು ಬಂದಳು.

"ಅಕ್ಕಾರ, ನಮ್ಮದೊಂದ ಫೋಟೊ ತಗೀತೀರೇನ್ರಿ? ಎಲ್ಲಾರೂ ಬರಬೇಕ್ರಿ."

ಸಮತಾ ಎದ್ದು ನಿಂತು, ಆ ಮನೆಯವರನ್ನೆಲ್ಲ ಒತ್ತಾಗಿ ನಿಲ್ಲಿಸಿ, ಹಿಂದೆ ನೀರು ಕಾಣುವಂತೆ ನಾಲ್ಕು ಫೋಟೊ ತೆಗೆದಳು. ಅಜ್ಜನೊಬ್ಬ ಕಣ್ಣು ಮುಚ್ಚಿದ್ದನೆಂದು ಐದನೆಯದನ್ನೂ ತೆಗೆದಳು. ಹೆಂಗಸು ನೋಡಿ ಖುಷಿಪಟ್ಟು, ಎರಡು ಶೇಂಗಾದ ಹೋಳಿಗೆ ಅವಳ ಕೈಗಿಟ್ಟು ಹೋದಳು. ಅವರ ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು.

ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಸಮತಾ ಬಂಡೆಯ ಮೇಲೆ ಮತ್ತೆ ಕೂತು ಒಂದು ಹೋಳಿಗೆ ತಿಂದಳು. ಎರಡನೆಯದನ್ನು ರೂಢಿಯಂತೆ ಅವ್ವನಿಗೆಂದು ಎತ್ತಿಡಹೋದವಳು, ಸ್ವಲ್ಪ ಹೊತ್ತು ನೀರು ನೋಡಿ ಅದನ್ನೂ ತಿಂದಳು.