ಹತ್ತು ಗುರುವಾರಗಳ ಅಂಜನಮೂರ್ತಿ

ಅಂಜನಮೂರ್ತಿ ಕರುಣೆಯಿಲ್ಲದ ಮನುಷ್ಯ. ಮಕ್ಕಳ ಕೈಗೆ ಕೆಲಸ ಕಲಿಸುತ್ತ ಇಪ್ಪತ್ತೆರಡು ವರ್ಷ ಕಳೆದವನ ಎದೆಯಲ್ಲಿ ಒಂದಿಷ್ಟಾದರೂ ವಾತ್ಸಲ್ಯ ಇದ್ದೀತು ಎಂದು ಹುಡುಕಿದವರಿಗೆಲ್ಲ ಸಿಕ್ಕಿದ್ದು ಬರೀ ನಿಯಮ. ಹಲಸೂರಿನ ಒಂದು ಗಲ್ಲಿಯಲ್ಲಿ, ಎರಡನೆಯ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಸುಜಾತಾ ಹತ್ತು ಗುರುವಾರ ಆತನನ್ನು ನೋಡಿದಳು. ಆಕೆಯ ತೀರ್ಪೂ ಇದೇ.

ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಆತನ ಎಡಗಾಲಿನ ಚಪ್ಪಲಿ ಉಜ್ಜುವ ಸದ್ದು ಕೇಳಿಸುತ್ತಿತ್ತು. ಬಟ್ಟೆಯ ಚೀಲದಿಂದ ಕ್ಲಿಪ್ಪು, ಸ್ಪಂಜು, ಕಡಲೆಕಾಳಿನ ಡಬ್ಬಿ ತೆಗೆದು ಸಾಲಾಗಿಟ್ಟು, ಚಾಪೆಯ ಮೇಲೆ ಕುಳಿತು, ತನ್ನ ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಸೇರಿಸಿ ಅದುಮಿಕೊಂಡುಬಿಡುತ್ತಿದ್ದ. ಎದುರಿಗೆ ಸುಜಾತಾಳ ಐದು ವರ್ಷದ ಮಗ ಬಸು, ಹುಟ್ಟಿನಿಂದ ಬಿಗಿದೇ ಇರುವ ಎಡಮುಷ್ಟಿಯೊಂದಿಗೆ ಒಂದು ಕ್ಲಿಪ್ಪನ್ನು ಒತ್ತಲಾರದೆ ಬೆವರಿ, ಕೊನೆಗೆ ಅತ್ತರೂ ಆ ಕೈಗಳು ಹೊರಗೆ ಬರುತ್ತಿರಲಿಲ್ಲ. ಶಭಾಷ್ ಎಂಬ ಮಾತು ಆತನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಯಾಕೆ ಹೀಗೆ ಕೂರುತ್ತೀರಿ ಎಂದು ಸುಜಾತಾ ಒಮ್ಮೆ ಕೇಳಿಯೇ ಬಿಟ್ಟಳು.

"ಈ ಕೈಗಳನ್ನ ನಂಬಕ್ಕಾಗಲ್ಲಮ್ಮ. ಬಿಟ್ರೆ ಸಹಾಯ ಮಾಡ್ಬಿಡ್ತವೆ."

ಮನೆಯ ಒಡತಿ ಮುನಿವೆಂಕಟಮ್ಮನಿಗೆ ಇದು ವಾರದ ತಮಾಷೆ. "ಏನ್ ಸುಜಾತಾ, ನಿಮ್ ಮೇಷ್ಟ್ರು ಕಾವಿಗೆ ಕೂತಿದ್ದು ಸಾಕು, ಮರಿ ಯಾವಾಗ ಹೊರಗ್ ಬರುತ್ತೆ?" ಎಂದು ಕೆಳಗಿನಿಂದಲೇ ಕೇಳುತ್ತಿದ್ದಳು.

ಸುಜಾತಾಳಿಗೆ ನಗು ಬರುವಂತಿರಲಿಲ್ಲ. ಯಾದಗಿರಿಯ ಕಡೆಯಿಂದ ಬಂದು, ಇಂದಿರಾನಗರದ ಕಚೇರಿಯೊಂದರಲ್ಲಿ ನಸುಕಿನಿಂದ ಹತ್ತರವರೆಗೆ ಒಂದು ಪಾಳಿ, ಮಧ್ಯಾಹ್ನದಿಂದ ಮತ್ತೊಂದು ಪಾಳಿ ನೆಲ ಒರೆಸುವ ಆಕೆಯ ಮಗುವನ್ನು ಅಷ್ಟು ದಿನ ನೋಡಿಕೊಂಡವಳು ಅತ್ತೆ ಶೇಷಮ್ಮ. ಊರಿನಲ್ಲಿ ಮಾವ ಹಂಪಣ್ಣ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಮೇ ತಿಂಗಳಲ್ಲಿ ಶೇಷಮ್ಮ ಹೊರಡಲೇಬೇಕಾಗಿತ್ತು. ಪಕ್ಕದ ಬೀದಿಯ ಶಿಶುವಿಹಾರದವರು ಬಸುವನ್ನು ಇಡೀ ದಿನ ಇಟ್ಟುಕೊಳ್ಳಲು ಒಪ್ಪಿದ್ದರು, ಆದರೆ ಅವನು ತನ್ನ ಊಟ ತಾನೇ ಮಾಡಬೇಕು. ಉಣಿಸಲು ಅಲ್ಲಿ ಯಾರೂ ಇಲ್ಲ. ಕಲಿತರೆ ಮಗ ತಾಯಿಯ ಬಳಿ ಉಳಿಯುತ್ತಾನೆ, ಇಲ್ಲವಾದರೆ ಅಜ್ಜಿಯೊಂದಿಗೆ ಊರಿಗೆ ಹೋಗುತ್ತಾನೆ. ಅಂಜನಮೂರ್ತಿಯನ್ನು ಕಳಿಸುತ್ತಿದ್ದ ಸೇವಾಸಂಸ್ಥೆ ಒಂದು ಮನೆಗೆ ಹತ್ತೇ ಭೇಟಿ ಎಂದು ಗೊತ್ತುಮಾಡಿತ್ತು. ಆಕ್ಯುಪೇಷನಲ್ ಥೆರಪಿ ಎಂಬ ಭಾರವಾದ ಹೆಸರಿನ ಈ ವಿದ್ಯೆ ಕಲಿಸುವುದು ಗುಂಡಿ ಹಾಕಿಕೊಳ್ಳುವುದು, ಲೋಟ ಎತ್ತುವುದು, ತುತ್ತು ಬಾಯಿಗೊಯ್ಯುವುದು ಮುಂತಾದ ಸಣ್ಣ ಸಂಗತಿಗಳನ್ನು. ಅವು ಸಣ್ಣವೆನ್ನಿಸುವುದು ಕೈಲಾಗುವವರಿಗೆ.

ಪ್ರತಿ ಭೇಟಿಯ ಕೊನೆಗೆ ಮೊಸರನ್ನದ ಬಟ್ಟಲು, ಸ್ಟೀಲಿನ ಚಮಚ. ಸಂಸ್ಥೆಯ ನಮೂನೆಯಲ್ಲಿ ಹಾಗೆಯೇ ಇತ್ತು. ಬಸು ಬಟ್ಟಲನ್ನು ನೋಡಿ ಮುಖ ತಿರುಗಿಸುತ್ತಿದ್ದ. ಆತ ಹತ್ತು ನಿಮಿಷ ಕಾದು, ಮಗು ಸಹಕರಿಸಲಿಲ್ಲ ಎಂದು ಬರೆದು ಎದ್ದು ಹೋಗುತ್ತಿದ್ದ. ಎಂಟನೆಯ ಗುರುವಾರ, ಹೀಗಾದರೆ ಮಗು ತಾನೇ ಉಣ್ಣುತ್ತದೆಂದು ಶಿಶುವಿಹಾರಕ್ಕೆ ಪತ್ರ ಕೊಡಲಾಗುವುದಿಲ್ಲ ಎಂದು ಆತ ಹೇಳಿದಾಗ ಶೇಷಮ್ಮ ಮೊಮ್ಮಗನ ಪರವಾಗಿ ವಾದಕ್ಕೆ ನಿಂತಳು.

"ಕೂಸಿಂದೇನು ತಪ್ಪೈತ್ರಿ ಸರ? ನೀವು ಬರೋದ್ರಾಗ ಹೊಟ್ಟಿ ತುಂಬ ಉಣಿಸೇ ಕುಂದರಸ್ತೀನಿ. ಹೊರಗಿನವರ ಮುಂದ ಹಸದ ಕೂಸಿನ್ನ ಕುಂದರಸಿದ್ರ ಏನಂದಾರು? ಚಮಚಾ ಅಂತೂ ನಮ್ಮ ಮನ್ಯಾಗ ಇರಲೇ ಇಲ್ಲ, ಕೈಲೆ ರೊಟ್ಟಿ ಮುರಕೊಂಡು ಉಣ್ಣೋ ಮಂದಿ ನಾವು."

ಅಂಜನಮೂರ್ತಿ ನಮೂನೆಯಿಂದ ತಲೆ ಎತ್ತಿದ.

"ಎಂಟು ವಾರಾನೂ?"

"ಹೂಂರಿ. ಒಂದ್ ವಾರನೂ ತಪ್ಪಿಸಿಲ್ಲ," ಎಂದಳು ಶೇಷಮ್ಮ, ಹೆಮ್ಮೆಯಿಂದ.

ಹಸಿವಿಲ್ಲದವನ ಮುಂದೆ ಅನ್ನವಿಟ್ಟು ಎಂಟು ವಾರ ಕಾದವನು ಒಂದು ದಿನವಾದರೂ ಮಗು ಉಂಡಿದೆಯೇ ಎಂದು ಕೇಳಿರಲಿಲ್ಲ. ಆತ ಮುದುಕಿಯನ್ನು ಬೈಯಲಿಲ್ಲ, ತನ್ನದು ತಪ್ಪಾಯಿತೆಂದೂ ಹೇಳಲಿಲ್ಲ. ಮುಂದಿನ ವಾರ ಉಣಿಸಬೇಡಿ ಎಂದಷ್ಟೇ ಹೇಳಿ ಚೀಲ ಕಟ್ಟಿದ. ಒಂಬತ್ತನೆಯ ವಾರ ಬಸು ಮೂರು ಚಮಚ ತಿಂದ. ಹತ್ತನೆಯ ವಾರ ಐದು. ಅಷ್ಟರಲ್ಲಿ ಬಟ್ಟಲು ಮಗುಚಿತು. ಶಿಶುವಿಹಾರಕ್ಕೆ ಅದು ಸಾಲಲಿಲ್ಲ. ಇನ್ನೊಂದು ತಿಂಗಳು ಬನ್ನಿ ಎಂದು ಸುಜಾತಾ ಬಾಗಿಲಲ್ಲಿ ನಿಂತು ಬೇಡಿಕೊಂಡಳು. ಹತ್ತೇ ಭೇಟಿ, ನಿಯಮ, ಎಂದ. ಚಪ್ಪಲಿಯ ಸದ್ದು ಕೆಳಗಿಳಿದು ಹೋಯಿತು. ಮೇ ಕೊನೆಗೆ ಬಸು ಅಜ್ಜಿಯ ಸೆರಗು ಹಿಡಿದು ಬಸ್ಸು ಹತ್ತಿದ. ಸುಜಾತಾಳಿಗೆ ಅಂದಿನಿಂದ ಕೋಣೆಯ ನೆಲ ಒರೆಸುವುದೂ ಬೇಡವೆನ್ನಿಸಿತು.

ನೆರವಾಗಲೆಂದೇ ಬರುವವರಲ್ಲಿ ಇದೊಂದು ಪಂಗಡ. ಕಲಿತ ವಿದ್ಯೆಯನ್ನು ಮನೆಯೊಳಗೆ ತರುತ್ತಾರೆ. ಮನೆಯಿಂದ ಕಲಿಯುವುದಕ್ಕೆ ಏನಾದರೂ ಇದ್ದೀತೆಂಬ ಸಂಶಯ ಅವರಿಗೆ ಬರುವುದಿಲ್ಲ. ಬಂದಾಗ ಭೇಟಿಗಳು ಮುಗಿದಿರುತ್ತವೆ.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಜನಮೂರ್ತಿ ಬಾಗಿಲು ತಟ್ಟಿದಾಗ ಸುಜಾತಾ ಒಳಗೆ ಕರೆಯಲಿಲ್ಲ. ಆತ ತಾನಾಗಿಯೇ ಬಂದು ಕುಳಿತ. ಕೈಯಲ್ಲಿ ಯಾವುದೋ ಖಾನಾವಳಿಯ ಪೇಪರ್ ಪೊಟ್ಟಣ. ಒಂದು ತಟ್ಟೆ ಕೇಳಿದ, ಊರಿಗೆ ವಿಡಿಯೊ ಕಾಲ್ ಮಾಡಲು ಹೇಳಿದ. ಒಲ್ಲದ ಮನಸ್ಸಿನಿಂದಲೇ ಆಕೆ ಮಾಡಿದಳು. ಪರದೆಯಲ್ಲಿ ಶೇಷಮ್ಮ ಕಾಣಿಸಿಕೊಂಡಳು. ಹಿಂದೆ ಒಲೆಯ ಹೊಗೆ.

"ಅಜ್ಜಿ, ಬಸು ತಿಂದ್ನಾ?"

"ಇಲ್ರಿ ಸರ, ಈಗ ರೊಟ್ಟಿ ಬಡೀಲಿಕತ್ತೀನಿ."

"ಹಂಗಿದ್ರೆ ಅವನ ಮುಂದೆ ಒಂದು ರೊಟ್ಟಿ ಇಡಿ. ಫೋನ್ ತಟ್ಟೆ ಪಕ್ಕ ಇಡಿ. ನೀವು ಮುಟ್ಬೇಡಿ."

ಬಸುವಿನ ಮುಖ ಪರದೆ ತುಂಬಿತು. ಅಂಜನಮೂರ್ತಿ ಪೊಟ್ಟಣ ಬಿಚ್ಚಿ ಜೋಳದ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಂಡ. ಹುಟ್ಟಾ ಮುದ್ದೆಯ ಊಟದವನಿಗೆ ಅದು ಒಗ್ಗದ ಕೆಲಸವೆಂದು ಸುಜಾತಾಳಿಗೆ ನೋಡಿದರೇ ತಿಳಿಯುತ್ತಿತ್ತು. ಎಡಮುಷ್ಟಿಯನ್ನು ಬಸುವಿನಂತೆಯೇ ಬಿಗಿದು ರೊಟ್ಟಿಯ ಅಂಚಿನ ಮೇಲೆ ಊರಿ, ಬಲಗೈಯಿಂದ ಎಳೆದ. ರೊಟ್ಟಿ ಅಡ್ಡಾದಿಡ್ಡಿ ಹರಿದು ಚೂರು ಮಡಿಲಿಗೆ ಬಿತ್ತು. ಬಸು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆತ ಬಿದ್ದ ಚೂರನ್ನು ಹೆಕ್ಕಿ ಬಾಯಿಗಿಟ್ಟುಕೊಂಡು, ಮುಷ್ಟಿಯನ್ನು ಮತ್ತೆ ಅಂಚಿನ ಮೇಲೆ ಊರಿದ.