ಮೊದಲ ಪುಟದ ನುಸುಳುಕೋರ

ನಮ್ಮ ಭಾವನಷ್ಟು ಚೆನ್ನಾಗಿ ಗಡಿ ನುಸುಳುವವರು ಈ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಗಡಿಯಾಚೆ ಅವರು ಒಂದು ದಿನವೂ ಕಾಲಿಟ್ಟವರಲ್ಲ, ಅದು ಬೇರೆ ಮಾತು. ಬಾವಿಯ ಪಂಪು ರಿಪೇರಿ ಮಾಡುವುದು ಅವರ ಕಸುಬು. ನುಸುಳುವುದು ವರ್ಷಕ್ಕೊಮ್ಮೆ, ರಾಜಧಾನಿಯಿಂದ ಅನುದಾನ ಸಮಿತಿಯವರು ಬಂದಾಗ ಮಾತ್ರ.

ಸಮಿತಿಯವರಿಗೆ ಅಪಾಯವನ್ನು ಕಣ್ಣಾರೆ ತೋರಿಸಬೇಕಿತ್ತು. ಗಡಿ ಪೊಲೀಸರು ಸಾಲುವುದಿಲ್ಲ, ಸೈನ್ಯದ ನೆರವು ಬೇಕು, ಅದಕ್ಕೆ ಸರ್ಕಾರ ಹಣ ಕೊಡಬೇಕು ಎಂದು ನಾಲ್ಕು ವರ್ಷದಿಂದ ಅರ್ಜಿ ಹೋಗುತ್ತಿತ್ತು. ಆದರೆ ನಿಜವಾದ ನುಸುಳುಕೋರರು ಸಮಿತಿ ಬರುವ ದಿನ ನೋಡಿಕೊಂಡು ಬರುತ್ತಾರೆಯೇ? ಆ ನಾಲ್ಕು ವರ್ಷದಲ್ಲಿ ಬೇಲಿ ದಾಟಿ ಬಂದದ್ದು ಎರಡು ಮೇಕೆ, ಒಬ್ಬ ಕುಡುಕ. ಹಾಗಾಗಿ ಪೊಲೀಸರು ಊರಿನಿಂದಲೇ ಹತ್ತು ಜನರನ್ನು ಕೂಲಿಗೆ ಕರೆದು, ಮಧ್ಯಾಹ್ನದ ಊಟ ಹಾಕಿ, ಗಡಿಗೆ ನೂರು ಹೆಜ್ಜೆ ಈಚೆಗಿದ್ದ ಬೇಲಿಯ ತಂತಿಯ ಕೆಳಗೆ ತೆವಳಿಸುತ್ತಿದ್ದರು. ಸಮಿತಿಯವರು ಶಾಮಿಯಾನದಡಿ ಕೂತು ದುರ್ಬೀನಿನಲ್ಲಿ ನೋಡಿ ಹೌಹಾರುತ್ತಿದ್ದರು.

ಶಾಲೆಯ ನಾಟಕಗಳಲ್ಲಿ ಬಣ್ಣ ಹಚ್ಚಿದ ಚಟ ಭಾವನಿಗೆ ಹೋಗಿರಲಿಲ್ಲ. ಉಳಿದವರು ಕೂಲಿಗೆ ತಕ್ಕಷ್ಟು ತೆವಳಿದರೆ ಇವರು ಮುಖಕ್ಕೆ ಮಸಿ ಬಳಿದುಕೊಂಡು, ಅಂಗಿ ಹರಿದುಕೊಂಡು, ಮೊಣಕೈ ತರಚಿಕೊಂಡು ಬರುತ್ತಿದ್ದರು. ಹರಿದ ಅಂಗಿಗೆ ತೇಪೆ ಹಾಕುತ್ತ ಅಕ್ಕ ಬೈಯುತ್ತಿದ್ದಳು.

ನನ್ನದು ಬಸ್ ನಿಲ್ದಾಣದ ಎದುರು ಫೋಟೊ ಸ್ಟುಡಿಯೋ. ಪೊಲೀಸ್ ಸ್ಟೇಷನ್ನಿಗೆ ಬೇಕಾದ ಫೋಟೊಗಳೆಲ್ಲ ನನ್ನವೇ. ಹೋದ ವರ್ಷ ಇನ್‌ಸ್ಪೆಕ್ಟರು ಕರೆದು, ಹಿಂದಿನ ಫೋಟೊಗಳು ಶಾಲೆಯ ಓಟದ ಪಂದ್ಯದಂತಿವೆ, ನೋಡಿದವರ ಎದೆ ನಡುಗುವಂಥ ಒಂದು ಮುಖ ಬೇಕು ಎಂದರು. ಅಂಥ ಮುಖ ನನ್ನ ಮನೆಯಲ್ಲೇ ಇತ್ತು. ಬೇಲಿಯ ಈಚೆ ನೆಲಕ್ಕೆ ಹೊಟ್ಟೆಹಚ್ಚಿ ಮಲಗಿ ಕ್ಯಾಮೆರಾ ಹಿಡಿದೆ. ಆಚೆಯಿಂದ ತೆವಳಿ ಬಂದ ಭಾವ ನನ್ನ ಅವಸ್ಥೆ ನೋಡಿ ಗೊಳ್ಳೆಂದು ನಕ್ಕರು. ಅದೂ ಒಂದು ಫೋಟೊ ಆಯಿತು. ಅವರ ಹಿಂದೆ ಇನ್‌ಸ್ಪೆಕ್ಟರು ಚಹಾ ಲೋಟ ಹಿಡಿದು ನಿಂತದ್ದೂ ಅದರಲ್ಲಿ ಬಿತ್ತು.

"ನಗಬೇಡಿ ಭಾವ," ಎಂದೆ. "ಕಣ್ಣಲ್ಲಿ ಸ್ವಲ್ಪ ಕೊಲೆ ಇರ್ಲಿ."

"ಯಾರನ್ನ ನೆನೆಸ್ಕೊಳ್ಳಲಿ? ನಿಮ್ಮಕ್ಕನ್ನಾ?" ಎಂದರು. ಆಮೇಲೆ ಏನನ್ನು ನೆನೆಸಿಕೊಂಡರೋ, ತಲೆ ಎತ್ತಿ ನೋಡಿದ ನೋಟಕ್ಕೆ ನನ್ನ ಮೈಯೇ ಜುಮ್ಮೆಂದಿತು. ಅಂಥ ಫೋಟೊ ನಾನು ಹಿಂದೆ ತೆಗೆದಿರಲಿಲ್ಲ. ಹೆಮ್ಮೆಪಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಪೊಲೀಸರು ಸಮಿತಿಗೆ ಕೊಟ್ಟ ವರದಿಯ ಮೊದಲ ಪುಟದ ತುಂಬ ಆ ಮುಖವೇ. ಕೆಳಗೆ 'ಗಡಿ ದಾಟುತ್ತಿರುವ ನುಸುಳುಕೋರ' ಎಂದು ದಪ್ಪ ಅಕ್ಷರ. ಮೂರೇ ತಿಂಗಳಲ್ಲಿ ಹಣ ಮಂಜೂರಾಯಿತು, ಸೈನ್ಯ ಬಂತು. ಹೋಟೆಲಿನವನು ಎರಡು ಮೇಜು ಹೆಚ್ಚು ಹಾಕಿದ, ಇಸ್ತ್ರಿಯವನಿಗೆ ಉಸಿರಾಡಲು ಪುರಸೊತ್ತಿಲ್ಲ. ಸೈನ್ಯದ ಶಿಬಿರದ ಪಾಸಿಗೆಂದು ನಾನೊಬ್ಬನೇ ನಾನೂರು ಫೋಟೊ ತೆಗೆದೆ. ಊರಿಗೆಲ್ಲ ಅನ್ನ ಹಾಕಿದ ಮುಖ ನನ್ನದು ಎಂದು ಭಾವ ಹೋಟೆಲಿನಲ್ಲಿ ಬಿಟ್ಟಿ ಚಹಾ ಕುಡಿಯುತ್ತ ತಮಾಷೆ ಮಾಡುತ್ತಿದ್ದರು.

ಭಾವನ ಗಿರಾಕಿಗಳೆಲ್ಲ ಚೆಕ್‌ಗೇಟಿನ ಆಚೆ, ಬೇಲಿಗೆ ಅಂಟಿಕೊಂಡ ತೋಟಗಳಲ್ಲಿದ್ದರು. ಹಳೆಯ ಪೊಲೀಸರು ಅವರನ್ನು ಕಂಡರೆ ಗೇಟು ಎತ್ತಿ, ತಮ್ಮ ಮನೆಯ ಪಂಪಿನ ಗೋಳು ಹೇಳಿಕೊಳ್ಳುತ್ತಿದ್ದರು. ಈಗ ಗೇಟಿಗೆ ಸೈನಿಕರು ಬಂದರು. ಅವರ ಕ್ಯಾಪ್ಟನ್ ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ತನ್ನನ್ನು ಇಲ್ಲಿಗೆ ಕರೆಸಿದ ವರದಿಯನ್ನು ಶ್ರದ್ಧೆಯಿಂದ ಓದಿದ್ದ. ಅದರ ಮೊದಲ ಪುಟ ಹರಿದು, ಪ್ರತಿ ಮಾಡಿಸಿ, ಪ್ರತಿ ಗೇಟಿನ ಗೋಡೆಗೂ ಅಂಟಿಸಿದ್ದ.

ಸೈನಿಕರು ಗೇಟಿಗೆ ಬಂದ ಎಂಟನೆಯ ದಿನ ಭಾವ ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಗೇಟಿಗೆ ಹೋದರು. ಸೈನಿಕ ಗೋಡೆ ನೋಡಿದ, ಇವರನ್ನು ನೋಡಿದ. ಚೀಲ ಬಿಚ್ಚಿದರೆ ಪಂಪು ಮೇಲೆತ್ತುವ ಹಗ್ಗ, ತಂತಿ ಕತ್ತರಿಸುವ ಇಕ್ಕಳ. ಇನ್ನೇನು ಬೇಕು? ಭಾವ ಅದು ನಾಟಕ, ನಾಟಕ ಎಂದು ಬಡಕೊಂಡರಂತೆ. ಕ್ಯಾಪ್ಟನ್ ನ್ಯಾಯವಾಗಿಯೇ ಇನ್‌ಸ್ಪೆಕ್ಟರನ್ನು ಕರೆಸಿ ಕೇಳಿದನಂತೆ. ಸಿಕ್ಕಿಬಿದ್ದವರೆಲ್ಲ ನಾಟಕ ಎಂದೇ ಹೇಳುವುದು ಎಂದು ಇನ್‌ಸ್ಪೆಕ್ಟರು ನಕ್ಕರಂತೆ.

ಭಾವನನ್ನು ಶಿಬಿರದಲ್ಲಿ ಕೂಡಿಹಾಕಿದರು ಎಂದು ತಿಳಿದು ನಾನು ಸ್ಟೇಷನ್ನಿಗೆ ಓಡಿದೆ. ಒಂದು ಮಾತು ಹೇಳಿ ಬಿಡಿಸಿ ಎಂದು ಇನ್‌ಸ್ಪೆಕ್ಟರ ಕೈ ಹಿಡಿದುಕೊಂಡೆ. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು.

"ಅದು ನಾಟಕ ಅಂತ ಬರ್ಕೊಟ್ರೆ ಸಮಿತಿಗೆ ತೋರಿಸಿದ್ದು ಸುಳ್ಳು ಅಂತಾಗುತ್ತೆ. ದುಡ್ಡೂ ವಾಪಸ್, ಸೈನ್ಯಾನೂ ವಾಪಸ್. ನನ್ನ ಕೆಲಸ ಹೋಗುತ್ತೆ, ಸರಿ. ಆದ್ರೆ ಸುಳ್ಳು ಫೋಟೊ ತೆಗೆದವರು ಯಾರು ಅಂತ ಕೇಳ್ತಾರಲ್ಲ, ಯಾರ ಹೆಸರು ಹೇಳಲಿ?"

ಆರು ತಿಂಗಳು ಸುಮ್ಮನಿರು, ಬಿಸಿ ಆರಿದ ಮೇಲೆ ನೋಡೋಣ ಎಂದರು. ಹೊರಗೆ ಬಂದು ಭಾವನ ಜೊತೆ ತೆವಳಿದ್ದ ಒಂಬತ್ತು ಜನರ ಮನೆ ತಿರುಗಿದೆ. ಇಬ್ಬರಿಗೆ ಶಿಬಿರದಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತ್ತು, ಒಬ್ಬ ತರಕಾರಿ ಒದಗಿಸುತ್ತಿದ್ದ. ಉಳಿದವರಿಗೆ ತಾವು ತೆವಳಿದ್ದೇ ನೆನಪಿರಲಿಲ್ಲ. ಅವರನ್ನು ಬೈಯುವ ಬಾಯಿ ನನಗೂ ಇಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಸ್ಟುಡಿಯೋಗೆ ಬಂದಳು. ಅಳಲಿಲ್ಲ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡಿದಳು.

"ನಗ್ತಾ ಇರೋದೂ ಒಂದು ತೆಗೆದಿದ್ದೆಯಂತಲ್ಲ. ಇನ್‌ಸ್ಪೆಕ್ಟರು ಹಿಂದೆ ಚಹಾ ಕುಡೀತಾ ನಿಂತಿರೋದು. ಶಿಬಿರಕ್ಕೆ ಊಟ ಕೊಡೋಕೆ ಹೋದಾಗ ನಿಮ್ಮ ಭಾವ ಹೇಳಿದ್ರು, ಅದನ್ನ ಕ್ಯಾಪ್ಟನ್‌ಗೆ ತೋರಿಸಿದ್ರೆ ಸಾಕಂತೆ."

ಅದು ನನ್ನ ಕಂಪ್ಯೂಟರಿನಲ್ಲಿತ್ತು. ಅವಳ ಮೊಣಕಾಲಿನಿಂದ ಎರಡು ಗೇಣು ದೂರದಲ್ಲಿ.

"ಅದು ಅವತ್ತೇ ಅಳಿಸಿಹೋಯ್ತು ಅಕ್ಕ," ಎಂದೆ.

ಅವಳು ನಂಬಿದಳೋ ಇಲ್ಲವೋ ತಿಳಿಯದು. ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದವಳು ಈಗ ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಅವಳು ರಸ್ತೆ ದಾಟುವವರೆಗೂ ಕಿಟಕಿಯಲ್ಲಿ ನೋಡಿದೆ. ಆಮೇಲೆ ಹೇಳಿದ ಮಾತನ್ನು ನಿಜ ಮಾಡಿದೆ. ಫೋಟೊ ಅಳಿಸಲು ಒಂದು ಗುಂಡಿ ಒತ್ತಿದರೆ ಆಯಿತು. ನಿಜವಾಗಿ ಅಳಿಸಬೇಕೆ ಎಂದು ಅದು ಕೇಳಿತು, ಹೌದು ಎಂದೆ. ನಾನು ಹೇಡಿ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಎಂಟು ತಿಂಗಳಾಗಿದೆ. ಬಿಸಿ ಆರಿಲ್ಲ, ಆರಲು ಯಾರಿಗೂ ಮನಸ್ಸಿಲ್ಲ. ಈ ವರ್ಷವೂ ಸಮಿತಿ ಬರುತ್ತದೆ. ಮೊದಲ ಪುಟದ ನುಸುಳುಕೋರ ಸಿಕ್ಕಿಬಿದ್ದ ಎಂದು ಈ ಸಲದ ಮೊದಲ ಪುಟದಲ್ಲಿ ಹಾಕಿದರೆ ಹಣ ಎರಡರಷ್ಟು ಮಾಡಿಕೊಡುತ್ತಾರೆ ಎಂದು ಇನ್‌ಸ್ಪೆಕ್ಟರ ಲೆಕ್ಕ. ನಿನ್ನೆ ಹೇಳಿಕಳಿಸಿದರು. ಕ್ಯಾಮೆರಾ ಹಿಡಿದು ಹೋದೆ.

ಭಾವನನ್ನು ಶಿಬಿರದ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಎದೆಗೆ ಸಂಖ್ಯೆ ಬರೆದ ಸ್ಲೇಟು. ಗಡ್ಡ ನೆರೆತಿತ್ತು, ಭುಜ ಇಳಿದಿತ್ತು. ನನ್ನನ್ನು ಕಂಡು ಅವರ ಮುಖ ಅರಳಿತು. ಅದನ್ನು ನೋಡಲಾಗದೆ ಲೆನ್ಸು ಒರೆಸುತ್ತ ನಿಂತೆ.

"ಆ ನಗೋ ಫೋಟೊ ಸಿಕ್ತಾ?" ಎಂದು ಮೆಲ್ಲಗೆ ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ.

"ಹೋಗ್ಲಿ ಬಿಡು, ನೀನಾದ್ರೂ ಏನ್ಮಾಡ್ತೀಯ," ಎಂದರು. ಅಂಗಿಯ ಕಾಲರು ಎಳೆದು ಸರಿಮಾಡಿಕೊಂಡು, ಸ್ಲೇಟನ್ನು ನೇರವಾಗಿ ಹಿಡಿದು, ಹಳೆಯ ಅಭ್ಯಾಸದಂತೆ ನನ್ನನ್ನೇ ಕೇಳಿದರು. "ಮುಖ ಹೇಗಿರಲಿ, ಭಾಮೈದ?"

ಇನ್‌ಸ್ಪೆಕ್ಟರು ನನ್ನ ಹಿಂದೆಯೇ ನಿಂತಿದ್ದರು, ಕೈಯಲ್ಲಿ ಚಹಾ ಲೋಟ.

"ನಗಬೇಡಿ ಭಾವ," ಎಂದೆ.